ಹನ್ನೊಂದು ರೊಟ್ಟಿಯ ಲೆಕ್ಕ

ಹೋದ ಡಿಸೆಂಬರ್‌ನಲ್ಲಿ ಅವ್ವನಿಗೆ ಫೋನಿನಲ್ಲಿ ಒಂದು ಸಣ್ಣ ಸುಳ್ಳು ಹೇಳಿದೆ.

"ರೊಟ್ಟಿ ಮುಗದ್ವೇನಪಾ?" ಅಂತ ಕೇಳಿದಳು.

"ಹೂಂ ಬೇ, ಎಲ್ಲಾ ಮುಗದ್ವು" ಅಂದೆ.

ಹಾಗನ್ನುವಾಗ ಹನ್ನೊಂದು ಜೋಳದ ರೊಟ್ಟಿ ಒಂದು ಕವರಿನಲ್ಲಿ, ನಮ್ಮ ಬೆಂಗಳೂರಿನ ಬಾಡಿಗೆ ಮನೆಯ ಬಾಗಿಲ ಹೊರಗೆ, ಬೆಳಗಿನ ಕಸದ ಗಾಡಿಗೆ ಕಾಯುತ್ತಾ ಕೂತಿದ್ದವು.

ನಮ್ಮೂರು ಅಳವಂಡಿ. ಕೊಪ್ಪಳದಿಂದ ಮುಂಡರಗಿ ಕಡೆ ಹೋಗುವ ದಾರಿಯಲ್ಲಿ ಸಿಗುವ ಎರಿ ಸೀಮೆಯ ಊರು. ಊರಿಗೆ ಹೋಗಿ ಬಂದಾಗಲೆಲ್ಲ ನನ್ನ ಬ್ಯಾಗಿನಲ್ಲಿ ಎರಡು ಗಂಟು ಇರುತ್ತವೆ. ಒಂದು ಕಟಕ ರೊಟ್ಟಿಯದು, ಇನ್ನೊಂದು ಅವತ್ತೇ ಬಡಿದ ಮೆತ್ತನೆ ರೊಟ್ಟಿಯದು. "ಮೆತ್ತನೂ ಮೊದಲ ತಿನ್ನು, ಕಟಕ ತಿಂಗಳಾದ್ರೂ ಇರ್ತಾವ" ಅನ್ನುವ ಮಾತು ಗಂಟಿನ ಜೊತೆಗೇ ಬರುತ್ತದೆ.

ಆ ವಾರ ಆಫೀಸಿನಲ್ಲಿ ಕೆಲಸ ಜಾಸ್ತಿ ಇತ್ತು. ರಾತ್ರಿ ಹತ್ತಕ್ಕೆ ಮನೆಗೆ ಬಂದು, ಮೊಬೈಲಿನಲ್ಲಿ ಬಿರಿಯಾನಿ ತರಿಸಿ ತಿಂದು ಮಲಗುತ್ತಿದ್ದೆ. ಹನ್ನೆರಡು ಮೆತ್ತನೆ ರೊಟ್ಟಿಯಲ್ಲಿ ಮೊದಲ ದಿನ ಒಂದು ತಿಂದಿದ್ದೆ, ಅಷ್ಟೆ. ಐದನೇ ದಿನ ಪ್ಲಾಸ್ಟಿಕ್ ಕವರು ಬಿಚ್ಚಿದರೆ ಮೇಲಿನಿಂದ ಕೆಳಗಿನತನಕ ಹಸಿರು ಬೂಷ್ಟು.

ಅದನ್ನು ಅವ್ವನಿಗೆ ಹೇಳಲು ನಾಚಿಕೆಯಾಯಿತು. ಆಕೆಗೆ ಬೇಜಾರಾಗದಿರಲಿ ಅಂತ ಸುಳ್ಳು ಹೇಳಿದೆ ಅಂದುಕೊಂಡೆ. ಆ ಸುಳ್ಳಿನ ಖರ್ಚು ಎಷ್ಟು ಅಂತ ಗೊತ್ತಾದದ್ದು ಒಂದು ತಿಂಗಳ ಮೇಲೆ.

ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಊರಿಗೆ ಹೋದೆ. ಆ ಜಾತ್ರೆಯ ಮಹಾದಾಸೋಹ ನೋಡಿದವರಿಗೆ ಗೊತ್ತು. ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರು, ಬಂಡಿಗಳಲ್ಲಿ ಲಕ್ಷಗಟ್ಟಲೆ ರೊಟ್ಟಿ ಗವಿಮಠಕ್ಕೆ ಬರುತ್ತವೆ. ಅಷ್ಟೂ ರೊಟ್ಟಿಯನ್ನು ಒಂದೇ ದಿನ ಬಡಿಯುವುದಕ್ಕೆ ಯಾರಿಂದಲೂ ಆಗದು. ಮೊದಲೇ ಮನೆಮನೆಯಲ್ಲಿ ಬಡಿದು ಒಣಗಿಸಿಟ್ಟುಕೊಂಡಿರುತ್ತಾರೆ. ನಮ್ಮ ಭಾಗದ ಅಷ್ಟು ದೊಡ್ಡ ಪಂಗತಿ ನಿಂತಿರುವುದು ಕೆಡದಂತೆ ಇಡುವ ಈ ಸಣ್ಣ ಜಾಣತನದ ಮೇಲೆ.

ಅವ್ವ ಒಲೆ ಮುಂದೆ ಕೂತಿದ್ದಳು. ಬಲಗೈ ಭುಜಕ್ಕೆ ಮುಲಾಮು ಹಚ್ಚಿಕೊಂಡಿದ್ದು ವಾಸನೆಯಿಂದಲೇ ತಿಳಿಯಿತು.

"ಯಾಕಬೇ, ಭುಜ ನೋವಾ?"

"ಏನಿಲ್ಲ ಬಿಡು. ಹೋದ ಸಲ ಒಂದು ಡಜನ್ ಮೆತ್ತನೂ ಕೊಟ್ಟಿದ್ದೆ, ಲಗೂನ ಮುಗದ್ವು ಅಂದಿ. ಸಾಲಲಾರದ ಉಪಾಸ ಮಲಗಿರಬೇಕು ನನ್ನ ಮಗ ಅಂತ ಈ ಸಲ ಎರಡು ಡಜನ್ ಬಡದೇನಿ."

ನಾನು ಹನ್ನೊಂದು ಚೆಲ್ಲಿದ್ದಕ್ಕೆ ಅವ್ವ ಹನ್ನೆರಡು ಹೆಚ್ಚಿಗೆ ಬಡಿದಿದ್ದಳು.

ಒಂದು ಜೋಳದ ರೊಟ್ಟಿಯ ಹಿಂದೆ ಎಷ್ಟು ಕೆಲಸ ಇದೆ ಅಂತ ಬೆಂಗಳೂರಿನ ನನ್ನ ರೂಮ್‌ಮೇಟಿಗೆ ಬಿಡಿಸಿ ಹೇಳಬೇಕಾಯಿತು. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವ ಹಾಗೆ ಅಂಟು ಹಿಡಿಯುವ ಗ್ಲುಟೆನ್ ಇಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ನಾದಬೇಕು. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಬೆಂದರೆ ಮಾತ್ರ ಜಿಗಿ ಬರುತ್ತದೆ. ಆಮೇಲೆ ಒಂದೊಂದನ್ನೇ ಅಂಗೈಯಲ್ಲಿ ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ ಸುಡಬೇಕು. ಭುಜಕ್ಕೆ ಬಿಡುವೇ ಇಲ್ಲ.

ಆ ಜೋಳವೂ ಸುಮ್ಮನೆ ಬಂದದ್ದಲ್ಲ. ನಮ್ಮ ಎರಿ ಹೊಲಗಳಲ್ಲಿ ಬಿಳಿ ಜೋಳ ಹಿಂಗಾರಿ ಬೆಳೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಬಿತ್ತುತ್ತಾರೆ. ಆಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎರಿ ಮಣ್ಣು ಒಳಗೆ ಹಿಡಿದಿಟ್ಟುಕೊಂಡ ಹಸಿಯ ಮೇಲೇ ಬೆಳೆ ನಿಲ್ಲಬೇಕು. ಉಳಿಸಿಟ್ಟ ನೀರು ಕುಡಿದು ಬೆಳೆಯುವ ಕಾಳು ಅದು. ಅದರ ರೊಟ್ಟಿಯನ್ನು ನಾನು ಕವರು ಬಿಚ್ಚದೆ ಕೆಡಿಸಿದ್ದೆ.

ರಾತ್ರಿ ಊಟಕ್ಕೆ ಕೂತಾಗ ನಿಜ ಹೇಳಿದೆ. ಬೈಗುಳಕ್ಕೆ ತಯಾರಾಗಿದ್ದೆ. ಅವ್ವ ಪುಂಡಿಪಲ್ಲೆ ಬಡಿಸುತ್ತಾ ಹೇಳಿದಳು:

"ಕೆಟ್ಟಿದ್ದು ಚೆಲ್ಲಿದ್ದಕ್ಕ ನನಗೇನೂ ಸಿಟ್ಟಿಲ್ಲ. ತಿಂದು ಹೊಟ್ಟಿ ಕೆಡಿಸಿಕೊಂಡಿದ್ರ ಸಿಟ್ಟು ಬರ್ತಿತ್ತು. ಆದ್ರ ಉಳದಾವ ಅಂತ ಒಂದು ಮಾತು ಹೇಳಿದ್ರ ನಾ ಕಡಿಮಿ ಬಡೀತಿದ್ನಿಲ್ಲೋ!"

ಆಹಾರ ವ್ಯರ್ಥ ಮಾಡಬೇಡಿ ಅನ್ನುವ ಉಪದೇಶ ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಯಾರಿಗೂ ಅನ್ನ ಚೆಲ್ಲುವ ಆಸೆ ಇರುವುದಿಲ್ಲ. ಆದರೂ ಚೆಲ್ಲುತ್ತೇವೆ, ಯಾಕೆಂದರೆ ಚೆಲ್ಲಿದ್ದರ ಲೆಕ್ಕ ಯಾರಿಗೂ ಹೇಳುವುದಿಲ್ಲ. ನಮಗೆ ನಾವೂ ಹೇಳಿಕೊಳ್ಳುವುದಿಲ್ಲ. ಫ್ರಿಜ್ಜಿನ ಹಿಂದಿನ ಮೂಲೆಯ ಡಬ್ಬಿಯನ್ನು ಮೂಗು ಮುಚ್ಚಿಕೊಂಡು ಖಾಲಿ ಮಾಡುತ್ತೇವೆ, ಮುಂದಿನ ವಾರ ಅದೇ ಸಾಮಾನು ಅಷ್ಟೇ ತರುತ್ತೇವೆ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಹಾಳಾಯಿತು. ಅದರಲ್ಲಿ ಶೇ. 60ರಷ್ಟು ಮನೆಗಳಿಂದಲೇ ಹೋದದ್ದು, ಹೋಟೆಲುಗಳಿಂದಲ್ಲ. ಭಾರತದ ಮನೆಗಳಲ್ಲಿ ಒಬ್ಬರಿಗೆ ವರ್ಷಕ್ಕೆ ಅಂದಾಜು 55 ಕಿಲೋ, ಸಿಪ್ಪೆ ಬೀಜ ಎಲ್ಲಾ ಸೇರಿ. ಭಾಗಿಸಿ ನೋಡಿದರೆ ದಿನಕ್ಕೆ 150 ಗ್ರಾಂ. ದೊಡ್ಡದೇನಲ್ಲ, ಒಂದು ಬಟ್ಟಲು ಅನ್ನ ಅಷ್ಟೆ. ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ.

ಬೆಂಗಳೂರಿಗೆ ವಾಪಸ್ ಬಂದಮೇಲೆ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆವು. ಏನು ಚೆಲ್ಲಿದೆವೋ ಅದನ್ನು ಬರೆಯುವುದು. ಬೈಯುವುದಿಲ್ಲ, ದಂಡ ಇಲ್ಲ, ಬರೀ ಬರೆಯುವುದು. ಮೊದಲ ವಾರದ ಪಟ್ಟಿ ಹೀಗಿತ್ತು: ಕೊತ್ತಂಬರಿ ಒಂದು ಕಟ್ಟು, ಅನ್ನ ಎರಡು ಸಲ, ಅರ್ಧ ಬ್ರೆಡ್ಡು, ಹೋಟೆಲಿನಿಂದ ಬಂದ ಗ್ರೇವಿ. ಎರಡನೇ ವಾರವೂ ಕೊತ್ತಂಬರಿ, ಅನ್ನ. ಆಗ ಅರ್ಥವಾಯಿತು. ಕೊತ್ತಂಬರಿಯನ್ನು ನಾವು ಬೇಕಾಗಿ ತರುತ್ತಿರಲಿಲ್ಲ, ಡೆಲಿವರಿ ಚಾರ್ಜು ತಪ್ಪಿಸಲು ಬಿಲ್ಲಿಗೆ ಸೇರಿಸುತ್ತಿದ್ದೆವು. ಅಕ್ಕಿಯನ್ನು ಅಳತೆ ಇಲ್ಲದೆ ಕುಕ್ಕರಿಗೆ ಸುರಿಯುತ್ತಿದ್ದೆವು. ಈಗ ಅಕ್ಕಿ ಡಬ್ಬಿಯಲ್ಲಿ ಒಂದು ಹಳೇ ಲೋಟ ಇದೆ. ಇಬ್ಬರಿಗೆ ಒಂದು ಲೋಟ, ಅಷ್ಟೆ. ಇಬ್ಬರೂ ಎಂಜಿನಿಯರುಗಳು, ಒಂದು ಲೋಟ ಕಂಡುಹಿಡಿಯಲು ಎರಡು ವಾರ ಹಿಡಿಯಿತು.

ಅವ್ವನ ಹತ್ತಿರ ಕಲಿತ ಇನ್ನೊಂದು ಮಾತು: "ಉಳದದ್ದು ಏನ್ ಮಾಡಬೇಕು ಅಂತ ಉಳದ ಮ್ಯಾಲೆ ಕೇಳಬಾರದು." ಆಕೆಯ ಅಡುಗೆಮನೆಯಲ್ಲಿ ಪ್ರತಿ ಪದಾರ್ಥಕ್ಕೂ ನಾಳಿನ ಒಂದು ಹೆಸರು ಇದೆ. ಹೋಳಿಗೆಗೆ ಕಡಲೆಬೇಳೆ ಬೇಯಿಸಿ ಬಸಿದ ನೀರು ಕಟ್ಟಿನ ಸಾರು. ಹೀರೇಕಾಯಿ ಪಲ್ಯ ಆದರೆ ಅದರ ಸಿಪ್ಪೆ ಚಟ್ನಿ. ಮೂಲಂಗಿ ತಂದರೆ ಅದರ ಎಳೆ ತಪ್ಪಲು ರೊಟ್ಟಿ ಜೊತೆ ಹಸಿಯದೇ. ಉಳಿದ ಚಪಾತಿ ಮಾದ್ಲಿ. ಅದನ್ನು ಯಾರೂ ಉಳಿತಾಯ ಅನ್ನುವುದಿಲ್ಲ, ಅಡುಗೆ ಅನ್ನುತ್ತಾರೆ.

ಕೆಲಸದಿಂದ ಸುಸ್ತಾಗಿ ಬಂದವರೂ ಮಾಡಬಹುದಾದ ಮೂರನ್ನು ಇಲ್ಲಿ ಕೊಡುತ್ತೇನೆ.

ರೊಟ್ಟಿ ಒಗ್ಗರಣಿ. ಮೂರು ಕಟಕ ರೊಟ್ಟಿಯನ್ನು ಸಣ್ಣಗೆ ಮುರಿದು, ಅರ್ಧ ಬಟ್ಟಲು ಮಜ್ಜಿಗೆ ಚಿಮುಕಿಸಿ ಐದು ನಿಮಿಷ ಬಿಡಿ. ಎರಡು ಚಮಚ ಎಣ್ಣೆಗೆ ಸಾಸಿವೆ, ಜೀರಿಗೆ, ಕರಿಬೇವು, ಹೆಚ್ಚಿದ ಒಂದು ಉಳ್ಳಾಗಡ್ಡಿ, ಎರಡು ಹಸಿಮೆಣಸಿನಕಾಯಿ ಹಾಕಿ. ಉಳ್ಳಾಗಡ್ಡಿ ಮೆತ್ತಗಾದ ಮೇಲೆ ಅರಿಶಿನ, ಉಪ್ಪು, ರೊಟ್ಟಿ ಚೂರು ಹಾಕಿ ಕೈಯಾಡಿಸಿ, ಸಣ್ಣ ಉರಿಯಲ್ಲಿ ಮೂರು ನಿಮಿಷ ಮುಚ್ಚಿಡಿ. ಮೇಲೆ ಒಂದು ಚಮಚ ಶೇಂಗಾ ಚಟ್ನಿಪುಡಿ ಉದುರಿಸಿದರೆ ಮುಗಿಯಿತು. ಮನೆಯಲ್ಲಿ ಚಪಾತಿ ಉಳಿದಿದ್ದರೂ ನಡೆಯುತ್ತದೆ, ಆಗ ಮಜ್ಜಿಗೆ ಎರಡೇ ಚಮಚ ಸಾಕು.

ಪುಟ್ಟ ಮಾದ್ಲಿ. ನಿನ್ನೆಯ ನಾಲ್ಕು ಚಪಾತಿಯನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಗರಿಗರಿ ಮಾಡಿ, ಆರಿದ ಮೇಲೆ ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿ. ಅರ್ಧ ಬಟ್ಟಲು ಬೆಲ್ಲದ ಪುಡಿ, ಎರಡು ಚಮಚ ಪುಟಾಣಿ, ಎರಡು ಚಮಚ ಒಣಕೊಬ್ಬರಿ ತುರಿ, ಒಂದು ಏಲಕ್ಕಿ ಸೇರಿಸಿ ಕಲಸಿ. ತಿನ್ನುವಾಗ ಬಿಸಿ ಹಾಲು, ತುಪ್ಪ. ಜಾತ್ರೆಯ ಮಾದ್ಲಿಗೆ ಇದು ಸಮ ಅಲ್ಲ, ಅದರ ಹದವೇ ಬೇರೆ. ಆದರೆ ಬುಧವಾರ ರಾತ್ರಿಗೆ ಇದು ಸಾಕು.

ಹೀರೇಕಾಯಿ ಸಿಪ್ಪೆ ಚಟ್ನಿ. ಚೆನ್ನಾಗಿ ತೊಳೆದು ಹೆರೆದ ಸಿಪ್ಪೆಯನ್ನು ಒಂದು ಚಮಚ ಎಣ್ಣೆಯಲ್ಲಿ ಹಸಿ ವಾಸನೆ ಹೋಗುವತನಕ ಹುರಿದು, ಹುರಿದ ಶೇಂಗಾ, ಹಸಿಮೆಣಸಿನಕಾಯಿ, ಎರಡು ಎಸಳು ಬೆಳ್ಳುಳ್ಳಿ, ಚೂರು ಹುಣಸೆಹಣ್ಣು, ಉಪ್ಪು ಹಾಕಿ ರುಬ್ಬಿ. ಹೆರೆಯುವ ಮೊದಲು ಕಾಯಿಯ ತುದಿ ರುಚಿ ನೋಡಿ. ಕಹಿ ಇದ್ದರೆ ಕಾಯಿ, ಸಿಪ್ಪೆ ಎರಡೂ ಬೇಡ.

ಉಳಿಸುವ ಹುಮ್ಮಸ್ಸಿನಲ್ಲಿ ಹೊಟ್ಟೆ ಕೆಡಿಸಿಕೊಳ್ಳಬಾರದು ಅನ್ನುವುದೂ ಅವ್ವನ ಮಾತೇ, ವಿಜ್ಞಾನವೂ ಅದನ್ನೇ ಹೇಳುತ್ತದೆ. ಬೂಷ್ಟು ಕಂಡ ರೊಟ್ಟಿ, ಬ್ರೆಡ್ಡನ್ನು ಆ ಜಾಗ ಮಾತ್ರ ಕತ್ತರಿಸಿ ತಿನ್ನಬೇಡಿ. ಅದರ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆ ಇಳಿದಿರುತ್ತವೆ. ಅನ್ನದ ವಿಷಯದಲ್ಲಿ ಇನ್ನೂ ಹುಷಾರು. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ಹೊರಗೇ ಉಗುರುಬೆಚ್ಚಗೆ ಕೂತರೆ ಅವು ಬೆಳೆದು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಅದಕ್ಕೆ ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಬೇಗ ಆರಿಸಿ, ಎರಡು ತಾಸಿನೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನವೇ ಮುಗಿಸಿ.

ಮೆತ್ತನೆ ರೊಟ್ಟಿಗೂ ನಿಯಮ ಸುಲಭ. ಬಿಸಿ ಇದ್ದಾಗ ಪ್ಲಾಸ್ಟಿಕ್ಕಿನಲ್ಲಿ ಕಟ್ಟಬೇಡಿ, ಒಳಗೆ ಬೆವರುತ್ತವೆ. ಬಟ್ಟೆಯಲ್ಲಿ ಸುತ್ತಿಡಿ. ಎರಡನೇ ದಿನಕ್ಕೂ ಉಳಿದರೆ, ಕೆಡುವುದಕ್ಕೆ ಮೊದಲೇ ಸಣ್ಣ ಉರಿಯ ಹಂಚಿನ ಮೇಲೆ ಒಣಗಿಸಿ ಕಟಕ ಮಾಡಿಬಿಡಿ. ನೀರಿನಂಶ ಹೋಯಿತೆಂದರೆ ಬೂಷ್ಟಿಗೆ ಅಲ್ಲಿ ಬದುಕಿಲ್ಲ. ನನ್ನ ಹನ್ನೊಂದು ರೊಟ್ಟಿಗೆ ಬೇಕಿದ್ದದ್ದು ಒಂದು ರಾತ್ರಿಯ ಅರ್ಧ ತಾಸು, ಅಷ್ಟೆ. ಬಿರಿಯಾನಿ ಬರುವತನಕ ಕಾಯುತ್ತಾ ಮೊಬೈಲ್ ನೋಡಿದ್ದು ಅಷ್ಟೇ ಹೊತ್ತು.

ಹೋದ ಭಾನುವಾರ ಸಂಜೆ ಮಳೆ. ಎಲ್ಲೂ ಹೋಗಲಿಲ್ಲ. ರೂಮ್‌ಮೇಟ್ ಮಂಡ್ಯದವನು. ಮೊದಲ ಸಲ ಕಟಕ ರೊಟ್ಟಿ ನೋಡಿದಾಗ "ಇದನ್ನ ತಿನ್ನೋದೋ, ಗೋಡೆಗೆ ಹೊಡೆಯೋದೋ" ಅಂತ ಕೇಳಿದ್ದವನು ಈಗ ತಾನೇ ಡಬ್ಬಿ ಬಿಚ್ಚುತ್ತಾನೆ. ರೊಟ್ಟಿ ಮುರಿದರೆ ಕಟಕ್ ಅಂತ ಸದ್ದು. ಗಟ್ಟಿ ಮೊಸರು, ಶೇಂಗಾ ಚಟ್ನಿ, ಗುದ್ದಿದ ಹಸಿ ಉಳ್ಳಾಗಡ್ಡಿ. ಇಬ್ಬರೂ ಮಾತಾಡದೆ ತಿಂದೆವು. ಅಷ್ಟು ರುಚಿಯಾದ ಊಟ ಆ ತಿಂಗಳಲ್ಲಿ ಹೊರಗೆ ಎಲ್ಲೂ ಸಿಕ್ಕಿರಲಿಲ್ಲ.

ಆಮೇಲೆ ಡಬ್ಬಿಯಲ್ಲಿ ಉಳಿದದ್ದನ್ನು ಎಣಿಸಿ ಅವ್ವನಿಗೆ ಫೋನ್ ಮಾಡಿದೆ.

"ಬೇ, ಇನ್ನೂ ಹದಿನಾಲ್ಕು ಅದಾವ. ಕೆಟ್ಟಿಲ್ಲ. ಊರಿಂದ ಯಾರಾದ್ರೂ ಬರೋರಿದ್ರ ಏನೂ ಕಳಸಬ್ಯಾಡ."

"ಖರೇನಾ?"

"ಖರೇನ. ಎಣಿಸಿ ಹೇಳಾಕತ್ತೀನಿ."

ಅತ್ತ ಕಡೆ ಒಂದು ಗಳಿಗೆ ಸುಮ್ಮನಿದ್ದಳು. "ಹಂಗಾರ ಈ ವಾರ ನಾ ರೊಟ್ಟಿ ಬಡಿಯೂದಿಲ್ಲ ಬಿಡಪಾ. ಭುಜಕ್ಕ ರಜಾ" ಅಂದಳು.

ನಿಮ್ಮ ಫ್ರಿಜ್ಜಿನಲ್ಲೂ ಊರಿಂದ ಬಂದ ಒಂದು ಡಬ್ಬಿ ಇರಬಹುದು. ಉಪ್ಪಿನಕಾಯಿಯೋ, ಚಟ್ನಿಪುಡಿಯೋ, ಹುಳಿ ಸಾರೋ. ಇವತ್ತು ರಾತ್ರಿ ಅದನ್ನು ಬಿಚ್ಚಿ ನೋಡಿ. ಚೆನ್ನಾಗಿದ್ದರೆ ತಿನ್ನಿ. ಕೆಟ್ಟಿದ್ದರೆ ಚೆಲ್ಲಿ. ಎರಡರಲ್ಲಿ ಯಾವುದೇ ಆಗಲಿ, ಕಳಿಸಿದವರಿಗೆ ನಿಜ ಹೇಳಿ.