‘ನಿಸ್ವಾರ್ಥ’ಕ್ಕೂ ಒಂದು ಲೆಕ್ಕವಿರಲಿ

ಮುಂಬಯಿ, ಠಾಣೆ, ಪುಣೆ ಪರಿಸರದ ಕನ್ನಡ ಸಂಘ-ಸಂಸ್ಥೆಗಳ ವಾರ್ಷಿಕೋತ್ಸವ, ಸನ್ಮಾನ ಸಮಾರಂಭಗಳಲ್ಲಿ ಧಾರಾಳವಾಗಿ ಬಳಕೆಯಾಗುವ ಶಬ್ದಗಳಲ್ಲಿ ‘ನಿಸ್ವಾರ್ಥ’ವೂ ಒಂದು. ಸನ್ಮಾನಪತ್ರದಲ್ಲಿ ‘ನಿಸ್ವಾರ್ಥ ಸಮಾಜ ಸೇವಕ’ ಎಂಬ ಮಾತು ಬರದಿದ್ದರೆ ಬರೆದವರಿಗೇ ಏನೋ ಕೊರತೆ ಎನಿಸುತ್ತದೆ. ಅದರ ಬೆನ್ನಿಗೇ ‘ಕೊಡುಗೈ ದಾನಿ’, ‘ಸರಳ ಸಜ್ಜನ’, ‘ಎಲೆಮರೆಯ ಕಾಯಿ’ ಸಾಲುಗಟ್ಟಿ ಬರುತ್ತವೆ. ಶಾಲು, ಸ್ಮರಣಿಕೆ, ಫಲಪುಷ್ಪ ಸ್ವೀಕರಿಸಿ ವೇದಿಕೆಯ ನಡುವೆ ಕುಳಿತವರನ್ನು ಎಲೆಮರೆಯ ಕಾಯಿ ಎಂದು ಬಣ್ಣಿಸಿದರೂ ಸಭೆಯಲ್ಲಿ ಯಾರೂ ನಗುವುದಿಲ್ಲ. ಕೇಳಿ ಕೇಳಿ ಕಿವಿಗೆ ಅಷ್ಟು ಅಭ್ಯಾಸವಾಗಿದೆ.

ಹೊಗಳಿಕೆಯಲ್ಲಿ ತುಸು ಉತ್ಪ್ರೇಕ್ಷೆ ಇದ್ದರೆ ಯಾರಿಗೇನು ನಷ್ಟ ಎಂದು ಕೇಳುವವರಿದ್ದಾರೆ. ನಷ್ಟ ಸಂಘಕ್ಕೇ ಇದೆ. ಅದನ್ನು ತಿಳಿಯಬೇಕಾದರೆ ಶಬ್ದದ ಅರ್ಥವನ್ನೇ ಸ್ವಲ್ಪ ನೋಡಬೇಕಾಗುತ್ತದೆ.

‘ಸ್ವ’ ಎಂದರೆ ತನ್ನ. ‘ಅರ್ಥ’ ಎಂದರೆ ಧನ, ಪ್ರಯೋಜನ, ಉದ್ದೇಶ. ನಾಲ್ಕು ಪುರುಷಾರ್ಥಗಳಲ್ಲಿ ಧರ್ಮದ ನಂತರದ ಸ್ಥಾನ ಅರ್ಥಕ್ಕೇ ಇದೆ. ಹಾಗಾಗಿ ಸ್ವಾರ್ಥ ಎಂಬುದು ಮೂಲದಲ್ಲಿ ಬೈಗುಳವಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ಮಹಾನಗರಕ್ಕೆ ಬಂದ ಕನ್ನಡಿಗರೆಲ್ಲ ಆ ಅರ್ಥದಲ್ಲಿ ಸ್ವಾರ್ಥಕ್ಕಾಗಿಯೇ ಬಂದವರು. ಆದರೆ ಆಡುಮಾತಿನಲ್ಲಿ ಸ್ವಾರ್ಥಿ ಎಂದರೆ ಇನ್ನೊಬ್ಬರ ಪಾಲನ್ನೂ ತನ್ನ ಕಡೆಗೆ ಎಳೆದುಕೊಳ್ಳುವವನು. ಅದಕ್ಕೆ ಎದುರಾದ ನಿಸ್ವಾರ್ಥಕ್ಕೆ ಏನೂ ಬಯಸದವನು, ಏನೂ ಪಡೆಯದವನು ಎಂಬ ಅರ್ಥ ಅಂಟಿಕೊಂಡಿತು. ಗೀತೆಯ ‘ನಿಷ್ಕಾಮ’ ಪ್ರವಚನದ ವೇದಿಕೆಯಲ್ಲೇ ಉಳಿಯಿತು. ‘ನಿಸ್ವಾರ್ಥ’ ಮಾತ್ರ ಬ್ಯಾನರಿಗೆ ಬಂತು.

ಸಂಬಳವಿಲ್ಲದ ಕೆಲಸವೆಲ್ಲ ನಿಸ್ವಾರ್ಥ ಎಂಬ ತಪ್ಪು ತಿಳಿವಳಿಕೆ ಹುಟ್ಟಿದ್ದು ಇಲ್ಲಿಂದಲೇ. ಕನ್ನಡದಲ್ಲಿ ಹಣವಿಲ್ಲದ್ದನ್ನು ಹೇಳಲು ಬೇರೆ ಶಬ್ದಗಳಿವೆ. ಯೋಗ್ಯ ಎಂಬ ಅರ್ಥದ ‘ಉಚಿತ’ವೇ ಈಗ ಬೆಲೆಯಿಲ್ಲದೆ ಸಿಗುವುದಕ್ಕೆ ಹೆಸರಾಗಿದೆ. ಮರಾಠಿಯ ನೆರೆಯವರ ‘ಫುಕಟ್’ ಕನ್ನಡದ ‘ಪುಕ್ಕಟೆ’ಗೆ ನೆಂಟ. ‘ಬಿಟ್ಟಿ’ ಎಂಬುದಂತೂ ಹಿಂದೆ ಕೂಲಿಯಿಲ್ಲದೆ ಬಲವಂತದಿಂದ ಮಾಡಿಸುತ್ತಿದ್ದ ಚಾಕರಿಯ ಹೆಸರು. ಇವುಗಳಲ್ಲಿ ಯಾವುದೂ ನಿಸ್ವಾರ್ಥವಲ್ಲ. ಮನಸ್ಸಿಲ್ಲದ ಯುವಕನನ್ನು ‘ಸಮಾಜಕ್ಕಾಗಿ ಇಷ್ಟೂ ಮಾಡಬಾರದೇ’ ಎಂದು ದಬಾಯಿಸಿ ಕುರ್ಚಿ ಹಾಕಿಸಿದರೆ ಅದು ಬಿಟ್ಟಿಗೆ ಹತ್ತಿರವೇ ಹೊರತು ಸೇವೆಗಲ್ಲ. ಸಮಿತಿಗೆ ಹೊಸಬರು ಬರುತ್ತಿಲ್ಲ ಎಂದು ಕೊರಗುವ ಪದಾಧಿಕಾರಿಗಳು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು.

ಇನ್ನೊಂದು ಕಡೆಯನ್ನೂ ನೋಡಬೇಕು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ಕುಳಿತು ಮೆಟ್ರಿಕ್ ದಾಟಿದ ಅದೆಷ್ಟೋ ಹುಡುಗರು ಮುಂಬಯಿಯಲ್ಲಿ ಬಾಳು ಕಟ್ಟಿಕೊಂಡದ್ದು ಎಲ್ಲರಿಗೂ ತಿಳಿದ ಇತಿಹಾಸ. ಆ ರಾತ್ರಿ ಶಾಲೆಗಳ ಶಿಕ್ಷಕರಿಗೆ ಸಿಗುತ್ತಿದ್ದುದು ಅಲ್ಪ ಸಂಬಳ. ತೂಕಡಿಸುವ ಹುಡುಗನನ್ನು ಎಬ್ಬಿಸಿ ಲೆಕ್ಕ ಹೇಳಿಕೊಟ್ಟು, ಕಡೆಯ ಲೋಕಲ್ ಹಿಡಿದು ಮನೆ ಸೇರುತ್ತಿದ್ದ ಆ ಶಿಕ್ಷಕರು ಸಂಬಳ ಪಡೆದರು ಎಂಬ ಕಾರಣಕ್ಕೆ ನಿಸ್ವಾರ್ಥರ ಪಟ್ಟಿಯಿಂದ ಹೊರಗುಳಿಯಬೇಕೇ? ಹನ್ನೆರಡನೇ ಶತಮಾನದ ಶರಣರು ಕಾಯಕವನ್ನೂ ದಾಸೋಹವನ್ನೂ ಜೋಡಿಸಿಯೇ ಹೇಳಿದರು. ದುಡಿದು ಗಳಿಸುವುದು ಮೊದಲು, ಹಂಚಿ ಉಣ್ಣುವುದು ಅದರ ಜೊತೆಗೆ. ಗಳಿಕೆಯನ್ನು ಅವರು ಪಾಪ ಎನ್ನಲಿಲ್ಲ. ‘ಶ್ರಮದಾನ’ ಎಂಬ ಶಬ್ದವೂ ಅಷ್ಟೇ ಪ್ರಾಮಾಣಿಕ. ಕೊಟ್ಟದ್ದು ಏನು ಎಂಬುದನ್ನು ಅದು ಸರಿಯಾಗಿ ಹೇಳುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಂದರೆ ಎದುರಾಗುವುದು ಮಹಾಸಭೆಯಲ್ಲಿ. ಸದಸ್ಯನೊಬ್ಬ ಎದ್ದು ನಿಂತು ಕಳೆದ ವರ್ಷದ ಖರ್ಚಿನ ವಿವರ ಕೇಳಿದರೆ, ‘ನಿಸ್ವಾರ್ಥವಾಗಿ ದುಡಿಯುವವರನ್ನು ಹೀಗೆ ಕೇಳುವುದೇ’ ಎಂಬ ಉತ್ತರ ಬರುವುದುಂಟು. ಕೇಳಿದವನೇ ಸ್ವಾರ್ಥಿ ಎನಿಸಿಕೊಂಡು ಕುಳಿತುಕೊಳ್ಳುತ್ತಾನೆ. ಮುಂದಿನ ವರ್ಷ ಅವನು ಸಭೆಗೇ ಬರುವುದಿಲ್ಲ. ಹೊಗಳುವ ಶಬ್ದ ಹೀಗೆ ಬಾಯಿ ಮುಚ್ಚಿಸುವ ಶಬ್ದವಾಗುತ್ತದೆ. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ಟ್ರಸ್ಟ್ ಕಾಯಿದೆಯಡಿ ನೋಂದಾಯಿತ ಸಂಸ್ಥೆಗಳು ಲೆಕ್ಕಪತ್ರ ಇಡಬೇಕು, ಅದರ ಪರಿಶೋಧನೆ ಆಗಬೇಕು. ನಿಸ್ವಾರ್ಥಿಗಳಿಗೆ ವಿನಾಯಿತಿ ಎಂದು ಆ ಕಾಯಿದೆ ಎಲ್ಲಿಯೂ ಹೇಳಿಲ್ಲ. ನಿಜವಾಗಿ ನಿಸ್ವಾರ್ಥದಿಂದ ದುಡಿದವರಿಗೆ ಲೆಕ್ಕ ಒಪ್ಪಿಸಲು ಹಿಂಜರಿಕೆಯೂ ಇರಬಾರದು. ಕೇಳಿದ್ದು ಅಪನಂಬಿಕೆಯಿಂದಲ್ಲ, ಸಂಘ ತನ್ನದು ಎಂಬ ಅಭಿಮಾನದಿಂದ ಎಂದು ತಿಳಿದರೆ ಮುನಿಸಿಗೆ ಜಾಗವೇ ಇಲ್ಲ.

ಗೌರವ ಕಾರ್ಯದರ್ಶಿಗೆ ಹೆಸರು, ಪರಿಚಯ, ನಾಲ್ಕು ಜನರ ನಮಸ್ಕಾರ ಸಿಕ್ಕಿದರೆ ತಪ್ಪೇನೂ ಇಲ್ಲ. ಕೊಡುಗೈ ದಾನಿ ತಂದೆ-ತಾಯಿಯ ಹೆಸರನ್ನು ಗೋಡೆಯ ಮೇಲೆ ಬರೆಸಿದರೂ ಕಟ್ಟಡ ನಿಂತದ್ದು ಅವರ ಹಣದಿಂದಲೇ. ಅವರನ್ನು ಉದಾರಿ ಎನ್ನಿ, ಶ್ರಮಜೀವಿ ಎನ್ನಿ, ಉಪಕಾರಿ ಎನ್ನಿ. ಮನಸ್ಸಿನೊಳಗೆ ಏನಿತ್ತು ಎಂದು ಯಾರಿಗೂ ಕಾಣುವುದಿಲ್ಲ. ಮಾಡಿದ ಕೆಲಸ ಕಾಣುತ್ತದೆ. ಆದ್ದರಿಂದ ಸನ್ಮಾನಪತ್ರದಲ್ಲಿ ವಿಶೇಷಣ ಕಡಿಮೆಯಾಗಿ ವಿವರ ಹೆಚ್ಚಾಗಲಿ. ಎಷ್ಟು ವರ್ಷ ಪಾಠ ಹೇಳಿದರು, ಎಷ್ಟು ಮಕ್ಕಳ ಶುಲ್ಕ ಕಟ್ಟಿದರು, ಗ್ರಂಥಾಲಯದ ಬೀಗ ಎಷ್ಟು ಸಂಜೆ ತೆರೆದರು ಎಂದು ಬರೆಯಲಿ. ಓದಿ ಕೇಳಿದ ಸದಸ್ಯರು ನಿಸ್ವಾರ್ಥ ಎಂಬ ಮಾತನ್ನು ತಾವಾಗಿ ಆಡಿದರೆ, ಅದಕ್ಕಿಂತ ದೊಡ್ಡ ಶಾಲು ಬೇರೊಂದಿಲ್ಲ.