ಬೈಕಿನ ಹುಡುಗರೂ ಕಪ್ಪಗಲ್ಲಿನ ಗೂಳಿಗಳೂ

ಎರಡು ದಿನ ರಜೆ ದೊರೆತರೆ ಸಾಕು, ನಮ್ಮ ತ್ಯಾಗರಾಜನಗರದ ಯುವಕರು ಮೋಟಾರು ಬೈಕುಗಳನ್ನೇರಿ ದೂರದ ಊರುಗಳಿಗೆ ಹೊರಟುಬಿಡುತ್ತಾರೆ. ಪೆಟ್ರೋಲು ದಂಡ, ಕಾಲವೂ ದಂಡ ಎಂದು ನನ್ನ ವಯಸ್ಸಿನ ಹಲವರು ಗೊಣಗುವುದುಂಟು. ನನ್ನ ಅಭಿಪ್ರಾಯ ಬೇರೆ. ಅವರು ಹೋಗಲಿ, ಒಮ್ಮೆಯಾದರೂ ಬಳ್ಳಾರಿಯ ಕಪ್ಪಗಲ್ಲಿನ ಗುಡ್ಡಕ್ಕೆ ಹೋಗಲಿ.

ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 300 ಕಿ.ಮೀ. ಆ ನಗರದ ಸಮೀಪದಲ್ಲಿಯೇ ಇರುವ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳು ದಕ್ಷಿಣ ಭಾರತದ ನವಶಿಲಾಯುಗದ ಪ್ರಮುಖ ನೆಲೆಗಳು. ಸುಮಾರು 5,000 ವರ್ಷಗಳ ಹಿಂದೆಯೇ ಇಲ್ಲಿ ದನ ಸಾಕುವ, ಕಲ್ಲಿನ ಕೊಡಲಿ ಮಾಡುವ ಜನ ನೆಲೆಸಿದರು. ಕಪ್ಪು ಡಾಲರೈಟ್ ಬಂಡೆಗಳ ಮೇಲೆ ಕಲ್ಲಿನಿಂದ ಕುಟ್ಟಿ ಮೂಡಿಸಿದ ನೀಳಕೊಂಬಿನ ಗೂಳಿಗಳಲ್ಲಿ ಹಲವು ಅವರ ಕಾಲದವು. ಕಲ್ಲಿನಿಂದ ತಟ್ಟಿದರೆ ಜಾಗಟೆಯಂತೆ ನಾದ ಹೊಮ್ಮಿಸುವ ಬಂಡೆಗಳೂ ಅಲ್ಲಿವೆ. 1892ರಲ್ಲಿಯೇ ಫಾಸೆಟ್ ಎಂಬ ಆಂಗ್ಲ ಅಧಿಕಾರಿ ಈ ಚಿತ್ರಗಳ ಬಗ್ಗೆ ಲೇಖನ ಪ್ರಕಟಿಸಿದ್ದರು. 2004ರಲ್ಲಿ ನಿಕೋಲ್ ಬೋಯಿವಿನ್ ಅವರು ಚಿತ್ರ ಮತ್ತು ನಾದಗಳೆರಡನ್ನೂ ಕುರಿತು ತಮ್ಮ ಅಧ್ಯಯನವನ್ನು ಹೊರತಂದಾಗ, ಕಲ್ಲುಗಣಿಗಾರಿಕೆ ಆ ಗುಡ್ಡವನ್ನೇ ಕೊರೆಯತೊಡಗಿತ್ತು.

ಜನ ಹೆಚ್ಚಾದರೆ ಚಿತ್ರಗಳು ಹಾಳಾಗುತ್ತವೆ ಎಂಬ ಆಕ್ಷೇಪವುಂಟು. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಬಂಡೆಯ ಮೇಲೆ ಹೆಸರು ಕೆತ್ತುವ ಚಪಲ ನಮ್ಮವರಿಗೆ ಹೊಸದಲ್ಲ. ಆದರೆ ನಮ್ಮ ಬಡಾವಣೆಯವರು ಬೆಳಗಿನ ನಡಿಗೆಗೆ ಹೋಗುವ ಲಾಲ್‌ಬಾಗಿನ ಬಂಡೆಯನ್ನು ನೋಡಿ. ಸುಮಾರು 300 ಕೋಟಿ ವರ್ಷ ಹಳೆಯದಾದ ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದಕ್ಕೆ ಫಲಕವೊಂದೇ ಕಾವಲಲ್ಲ, ದಿನವೂ ಅದನ್ನು ಕಾಣುವ ಸಾವಿರಾರು ಕಣ್ಣುಗಳೂ ಕಾವಲು. ಗೀಚಿದ ಹೆಸರು ಒಂದು ಚಿತ್ರವನ್ನು ಕೆಡಿಸೀತು. ಸಿಡಿಮದ್ದು ಇಡೀ ಬಂಡೆಯನ್ನೇ ಜಲ್ಲಿಯಾಗಿಸುತ್ತದೆ. ಯಾರೂ ಕಾಣದ ಗೂಳಿ ಜಲ್ಲಿಯಾದರೆ ಕೇಳುವವರು ಯಾರು?

ಆದುದರಿಂದ ಹೋಗುವವರಿಗೆ ಈ ಹಳೆಯ ಮೇಷ್ಟರ ಕೆಲವು ಮಾತು. ಬೈಕನ್ನು ಊರಿನಲ್ಲಿಯೇ ನಿಲ್ಲಿಸಿ, ದಾರಿ ಬಲ್ಲ ಊರವರೊಬ್ಬರನ್ನು ಜೊತೆಗೆ ಕರೆದುಕೊಂಡು ಗುಡ್ಡ ಹತ್ತಿರಿ. ಅವರ ಶ್ರಮಕ್ಕೆ ತಕ್ಕ ಹಣ ಕೊಡಿ. ಗುಡ್ಡ ಉಳಿದರೆ ತಮಗೂ ಲಾಭವೆಂಬುದು ಅವರಿಗೆ ತಿಳಿಯಲಿ. ಚಿತ್ರಗಳ ಮೇಲೆ ನೀರೆರಚಬೇಡಿ, ಸೀಮೆಸುಣ್ಣ ತೀಡಬೇಡಿ, ನಾದದ ಬಂಡೆಗಳನ್ನು ಬಡಿಯಬೇಡಿ. ಫೋಟೋ ತೆಗೆದರೆ ದಿನಾಂಕವನ್ನೂ ಬರೆದಿಡಿ. ಮುಂದೆ ಆ ಬಂಡೆ ಕಾಣೆಯಾದರೆ, ಅದು ಅಲ್ಲಿ ಇತ್ತೆಂಬುದಕ್ಕೆ ನಿಮ್ಮ ಫೋಟೋವೇ ಸಾಕ್ಷಿ.