ಗಿರಣಿಯ ನಕಾಶೆಯನ್ನು ನಾವೇ ಬರೆಯಬೇಕು

ಗೂಗಲ್ ಅರ್ಥ್ ಎಂಬ ಭೂಗೋಲವನ್ನು ಮೊಬೈಲಿನಲ್ಲಿ ತೆರೆದ ನಮ್ಮ ಬಂಧುಗಳಲ್ಲಿ ಹೆಚ್ಚಿನವರು ಮೊದಲು ಹುಡುಕುವುದು ಊರಿನ ಮನೆಯನ್ನು. ಕುಂದಾಪುರದ ಕಡೆಯವರು ಹೊಳೆಯ ದಾರಿ ಹಿಡಿದು ಹೋಗಿ ಹೆಂಚಿನ ಮಾಡನ್ನು ಕಾಣುತ್ತಾರೆ, ಬಾವಿ ಯಾವುದು, ತೆಂಗಿನ ತೋಟ ಯಾವುದು ಎಂದು ಪಕ್ಕದವನಿಗೆ ತೋರಿಸುತ್ತಾರೆ, ಆಮೇಲೆ ಮುಚ್ಚಿಬಿಡುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ವರ್ಷಕ್ಕೊಮ್ಮೆಯೂ ಊರಿಗೆ ಹೋಗಲಾರದ ಹೋಟೆಲು ಕಾರ್ಮಿಕನಿಗೆ ಅದೊಂದು ಸಮಾಧಾನವೇ ಸರಿ. ಆದರೆ ಅದೇ ಸಾಧನದಿಂದ ಆಗಬಹುದಾದ ಇನ್ನೊಂದು ಕೆಲಸವಿದೆ. ಅದನ್ನು ನಮ್ಮ ಸಂಘಗಳು ಕೈಗೆತ್ತಿಕೊಂಡಿಲ್ಲವೆಂಬುದೇ ನಮ್ಮ ಆಕ್ಷೇಪಣೆ.

ಆ ಕೆಲಸವೆಂದರೆ ನಕಾಶೆ ಬರೆಯುವುದು. ಕೀಹೋಲ್ ಎಂಬ ಕಂಪನಿಯು ರಚಿಸಿದ್ದ ಈ ಭೂಗೋಲವನ್ನು ಗೂಗಲ್ ಸಂಸ್ಥೆಯು 2004ರಲ್ಲಿ ಕೊಂಡು, 2005ರಲ್ಲಿ ಹೊಸ ಹೆಸರಿನಿಂದ ಹೊರತಂದಿತು. ಅದರ ಮೇಲೆ ನಾವು ನೆಡುವ ಗುರುತು, ಎಳೆಯುವ ಗೆರೆ, ಸುತ್ತುವ ಬೇಲಿ ಇವೆಲ್ಲವೂ ಕೆಎಂಎಲ್ ಎಂಬ ಕಡತದಲ್ಲಿ ಸೇರುತ್ತವೆ. 2008ರಲ್ಲಿ ಈ ಬಗೆಯ ಕಡತವು ಅಂತರರಾಷ್ಟ್ರೀಯ ಮಾನದಂಡವಾಯಿತು. ಆದಕಾರಣ ಬೇರೆ ನಕಾಶೆಯ ಸಾಧನಗಳೂ ಅದನ್ನು ಓದಬಲ್ಲವು. ಕಡತವೆಂದರೆ ಗಾಬರಿಯಾಗಬೇಕಾಗಿಲ್ಲ. ಅದು ಬರಿಯ ಬರಹ. ನೋಟ್‌ಪ್ಯಾಡಿನಲ್ಲಿ ತೆರೆದರೆ ಜಾಗದ ಹೆಸರು, ವಿವರಣೆ, ಅಂಕಿಗಳು ಕಣ್ಣಿಗೆ ಕಾಣುತ್ತವೆ. ವಿವರಣೆಯನ್ನು ಕನ್ನಡದಲ್ಲಿಯೇ ಬರೆಯಬಹುದು.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಅಕ್ಷಾಂಶವನ್ನು ಮೊದಲು ಹೇಳುವುದು ನಮಗೆ ಶಾಲೆಯಿಂದ ಬಂದ ರೂಢಿ. ಈ ಕಡತವು ರೇಖಾಂಶವನ್ನು ಮೊದಲು ಕೇಳುತ್ತದೆ. ಲೋವರ್ ಪರೇಲಿನ ಗಿರಣಿಯೊಂದಕ್ಕೆ 72.83, 18.99 ಎಂದು ಬರೆಯಬೇಕಾದಲ್ಲಿ ನಾವು ಮೊದಲ ದಿನ ಹಿಂದುಮುಂದು ಮಾಡಿ, ಗಿರಣಿಯನ್ನು ನಾರ್ವೆ ದೇಶದ ಉತ್ತರದ ಸಮುದ್ರದಲ್ಲಿ ಮುಳುಗಿಸಿದೆವು. ಮಾಲಿಕರು ಮುಳುಗಿಸಿದ್ದಕ್ಕಿಂತ ಇದು ಬೇಗ ಆಯಿತು ಎಂದು ಹಿರಿಯರೊಬ್ಬರು ನಕ್ಕರು.

ನಗೆಯ ಮಾತು ಹಾಗಿರಲಿ. 1982ರ ಜನವರಿ 18ರಂದು ಮುಂಬಯಿಯ ಗಿರಣಿಗಳಲ್ಲಿ ಮುಷ್ಕರ ಆರಂಭವಾದಾಗ ಹೊರಗೆ ಬಂದವರು ಸುಮಾರು ಎರಡೂವರೆ ಲಕ್ಷ ಮಂದಿ. ಅನೇಕರು ಮತ್ತೆ ಒಳಗೆ ಹೋಗಲಿಲ್ಲ. 1991ರ ನಿಯಮದಂತೆ ಗಿರಣಿಯ ಜಮೀನನ್ನು ಹೊಸದಾಗಿ ಕಟ್ಟುವಾಗ ಒಂದು ಪಾಲು ಮಹಾನಗರಪಾಲಿಕೆಯ ಮೂಲಕ ಬಯಲಿಗೆ, ಒಂದು ಪಾಲು ಸರಕಾರದ ಗೃಹ ಮಂಡಳಿಯ ಮೂಲಕ ವಸತಿಗೆ, ಒಂದು ಪಾಲು ಮಾಲಿಕರಿಗೆ ಎಂದಿತ್ತು. 2001ರಲ್ಲಿ ಆ ನಿಯಮವನ್ನು ತಿದ್ದಿ, ಕಟ್ಟಡಗಳಿಲ್ಲದ ಖಾಲಿ ನೆಲಕ್ಕೆ ಮಾತ್ರ ಈ ಪಾಲು ಎಂದರು. 2006ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಖಾಲಿ ನೆಲ ಎಂಬ ಎರಡು ಮಾತಿನಲ್ಲಿ ಎಷ್ಟು ಎಕರೆ ಕರಗಿತೆಂಬುದು, ಲೋವರ್ ಪರೇಲ್ ಸ್ಟೇಷನ್ನಿನಿಂದ ಹೊರಗೆ ಬಂದು ಕತ್ತೆತ್ತಿ ನೋಡಿದವನಿಗೆ ತಿಳಿಯುತ್ತದೆ.

ಈಗ ಆ ಭೂಗೋಲದಲ್ಲಿ ಹಳೆಯ ಚಿತ್ರಗಳನ್ನು ನೋಡುವ ಏರ್ಪಾಡಿದೆ. ಹಿಂದಕ್ಕೆ ಸರಿಸಿದರೆ ಗಾಜಿನ ಕಟ್ಟಡ ಮಾಯವಾಗಿ ಗಿರಣಿಯ ಗರಗಸದಂಥ ಮಾಡುಗಳು ತೋರುತ್ತವೆ. ಅದರ ಸುತ್ತ ಬೇಲಿ ಎಳೆದರೆ, 2015ರಿಂದ ಪುಕ್ಕಟೆಯಾಗಿ ಸಿಗುತ್ತಿರುವ ಗೂಗಲ್ ಅರ್ಥ್ ಪ್ರೊ ವಿಸ್ತೀರ್ಣವನ್ನೂ ಹೇಳುತ್ತದೆ. ಆದರೆ ಒಂದು ಮಿತಿಯಿದೆ. ಒಂದೊಂದು ಕಟ್ಟಡವೂ ಸ್ಪಷ್ಟವಾಗಿ ಕಾಣುವಂಥ ಚಿತ್ರ ತೆಗೆಯುವ ಮೊದಲ ಖಾಸಗಿ ಉಪಗ್ರಹವು ಮೇಲೇರಿದ್ದೇ 1999ರಲ್ಲಿ. ಮುಷ್ಕರದ ಕಾಲದ ಗಿರಣಿಯನ್ನು ಆ ಯಂತ್ರ ಕಂಡಿಲ್ಲ. ಕಂಡವರು ನಮ್ಮ ಹಿರಿಯರು. ಬಾಗಿಲು ಯಾವ ಗಲ್ಲಿಯ ಕಡೆಗಿತ್ತು, ಸಾಲಖಾತೆ ಎಲ್ಲಿ, ದ್ವಾರಸಭೆ ನಡೆಯುತ್ತಿದ್ದ ಮರ ಯಾವುದು, ಎದುರಿನ ಉಡುಪಿ ಹೋಟೆಲಿನಲ್ಲಿ ಉದ್ರಿ ಬರೆದಿಡುತ್ತಿದ್ದ ಗಲ್ಲೆ ಎಲ್ಲಿತ್ತು, ಇದನ್ನೆಲ್ಲ ಬೆರಳಿಟ್ಟು ತೋರಿಸಬಲ್ಲವರು ಅವರೇ. ಮುಷ್ಕರದ ದಿನ ಇಪ್ಪತ್ತರವನಾಗಿದ್ದವನು ಈಗ ಅರವತ್ತು ದಾಟಿದ್ದಾನೆ. ಈ ಕೆಲಸಕ್ಕೆ ನಾಳೆ ನೋಡೋಣ ಎನ್ನುವ ಮಾತು ಸಲ್ಲದು.

ಗಿರಣಿಯೇ ಹೋದ ಮೇಲೆ ನಕಾಶೆಯಿಂದೇನು ಎಂದು ಕೇಳುವವರಿದ್ದಾರೆ. ಈ ನಕಾಶೆ ಕೋರ್ಟಿನ ಸಾಕ್ಷಿಯೆಂದು ನಾವು ಹೇಳುವುದಿಲ್ಲ. ಉಪಗ್ರಹದ ಚಿತ್ರ ಕೆಲವು ಮೀಟರು ಅತ್ತಿತ್ತ ಸರಿದಿರಬಹುದು. ಗಡಿಯ ವಿಷಯದಲ್ಲಿ ಸರ್ವೆ ಕಚೇರಿಯ ದಾಖಲೆಯೇ ನಡೆಯತಕ್ಕದ್ದು. ಮನೆ ಕೇಳುವವನಿಗೆ ಗಿರಣಿಯ ಪಾಸು, ಫಂಡಿನ ಚೀಟಿ ಬೇಕೇ ಬೇಕು. ಆದರೆ ಸಭೆಯಲ್ಲಿ ಯಾರಾದರೂ ಇಷ್ಟು ಎಕರೆ ಮಾತ್ರ ಇತ್ತು ಎಂದು ಅಂಕಿ ಎಸೆದಾಗ, ತಾನೇ ಅಳೆದ ಅಂಕಿಯುಳ್ಳವನು ಎದ್ದು ನಿಂತು ಕೇಳಬಲ್ಲನು. ಇಷ್ಟು ದಿನ ನಾವು ಕೇಳಿಸಿಕೊಂಡು ಬಂದಿದ್ದೇವೆ.

ಮಾಡುವವರು ಎರಡು ಸಂಗತಿಗಳನ್ನು ನೆನಪಿಡಬೇಕು. ಕಡತವನ್ನು ಕಂಪನಿಯ ದೂರದ ಯಂತ್ರದಲ್ಲಷ್ಟೇ ಬಿಡದೆ ಸಂಘದ ಕಪಾಟಿನ ಪೆನ್‌ಡ್ರೈವಿನಲ್ಲೂ ಇಡಬೇಕು. ಫೋಟೋಗಳಿದ್ದರೆ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟುವ ಕೆಎಂಝಡ್ ರೂಪದಲ್ಲಿ ಉಳಿಸಬೇಕು, ಇಲ್ಲವಾದರೆ ಕಡತ ಒಂದು ಕಡೆ, ಫೋಟೋ ಇನ್ನೊಂದು ಕಡೆ ಆಗುತ್ತದೆ. ಎರಡನೆಯದು, ಈಗ ಖೋಲಿಗಳಲ್ಲಿ ಇರುವವರ ಹೆಸರು, ಫೋನು ನಂಬರುಗಳನ್ನು ನಕಾಶೆಯಲ್ಲಿ ಎಂದಿಗೂ ಹಾಕಕೂಡದು. ಕಡತವು ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಕ್ಷಣದಲ್ಲಿ ಹಾರುತ್ತದೆ, ಯಾವ ದಲ್ಲಾಳಿಯ ಕೈಗೆ ಸೇರುವುದೋ ಹೇಳಲಾಗದು.

ನಮ್ಮ ಕೋಣೆಯ ಕಂಪ್ಯೂಟರಿನಲ್ಲಿ ಈಗಾಗಲೇ ನಾಲ್ಕು ಗಿರಣಿಗಳ ಬೇಲಿ ಎಳೆದಾಗಿದೆ. ಹೋಟೆಲಿನ ಹುಡುಗರು ಮಧ್ಯಾಹ್ನದ ಬಿಡುವಿನಲ್ಲಿ ಬಂದು ಗುರುತು ಹಾಕುವುದನ್ನು ಕಲಿಯುತ್ತಿದ್ದಾರೆ. ಅವರಿಗೆ ಕೈ ಓಡುತ್ತದೆ, ಜಾಗ ಗೊತ್ತಿಲ್ಲ. ಜಾಗ ಗೊತ್ತಿರುವ ಗಿರಣಿಯ ಹಿರಿಯರು ಭಾನುವಾರ ಮೂರು ಗಂಟೆಯ ನಂತರ ಬರಬೇಕು. ಕನ್ನಡಕವನ್ನೂ ಹಳೆಯ ಪಾಸನ್ನೂ ಮರೆಯದೆ ತರಬೇಕು. ಚಹಾದ ಏರ್ಪಾಡು ನಮ್ಮದು.